ಮರಳು ಹಾಕಿದರೆ ಮೀನು ಸಾಯುತ್ತವೆಯೇ? ಸತ್ಯಾಂಶ ಇಲ್ಲಿದೆ

"ಅಕ್ವೇರಿಯಂನ ಜಲ್ಲಿ ತೆಗೆದು ಮರಳು ಹಾಕಬೇಡಿ, ವಿಷಾನಿಲ ಹುಟ್ಟಿ ರಾತ್ರೋರಾತ್ರಿ ಮೀನೆಲ್ಲ ಸಾಯುತ್ತವೆ" ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಗಾಳಿಯಾಡದ ದಪ್ಪ ಮರಳಿನ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು, ನಿಜ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ವಾ, ಅದೇ. ಆದರೆ ಒಂದೆರಡು ಇಂಚು ಮರಳು ಹಾಕಿ, ಆಗಾಗ ಮೆಲ್ಲಗೆ ಕೆದಕುತ್ತಿದ್ದರೆ ಸುಮ್ನೆ ಹೆದರಬೇಕಿಲ್ಲ. ತಳ ಕೆದಕಿ ತಿನ್ನುವ ಕೋರಿಡೋರಾಸ್‌ನಂಥ ಮೀನುಗಳ ಮೀಸೆಗೆ ಚೂಪು ಜಲ್ಲಿಗಿಂತ ನುಣುಪು ಮರಳೇ ಹಿತ.

ಹಾಗಾದರೆ ಕೆಲವರ ಮೀನು ಸಾಯುವುದೇಕೆ? ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಜಲ್ಲಿಗೂ ಫಿಲ್ಟರ್ ಸ್ಪಂಜಿಗೂ ಅಂಟಿಕೊಂಡಿರುತ್ತವೆ. ಜಲ್ಲಿ ಪೂರ್ತಿ ತೆಗೆದ ದಿನವೇ ಸ್ಪಂಜನ್ನೂ ನಲ್ಲಿ ಕೆಳಗೆ ತೊಳೆದರೆ, ನೀರಿನ ಕ್ಲೋರಿನ್ ಉಳಿದವನ್ನೂ ಕೊಲ್ಲುತ್ತದೆ. ಅಮೋನಿಯಾ ಏರುತ್ತದೆ, ಮೀನು ಸಾಯುತ್ತವೆ. ನನ್ನ ಪ್ರಕಾರ ಹೇಳಬೇಕಾದ ಎಚ್ಚರಿಕೆ ಇದೇ.

ಜಲ್ಲಿಯನ್ನು ವಾರಕ್ಕೊಂದು ಪಾಲಿನಂತೆ ತೆಗೆಯಿರಿ. ಫಿಲ್ಟರ್ ಮುಟ್ಟಬೇಡಿ, ಆಹಾರ ಕಡಿಮೆ ಹಾಕಿ. ಮಡಿಕೇರಿಯ ಚಳಿಯಲ್ಲಿ ಹೊಸ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಲಿ. ಮರಳನ್ನು ತಿಳಿನೀರು ಬರುವ ತನಕ ತೊಳೆಯಿರಿ. ತೋಟದ ಪಕ್ಕದ ತೋಡಿನ ಮರಳು ಮಾತ್ರ ಬೇಡ. ಕಾಫಿ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ಅದರ ತಾಮ್ರ ಮೀನಿಗೂ ಸಿಗಡಿಗೂ ವಿಷ.