ಪಿಯುಸಿಯಲ್ಲಿ 90 ಪರ್ಸೆಂಟ್ ಇದ್ದವರಿಗೆ ಮಾತ್ರ ಬಾಡಿಗೆಗಿದೆ

ಪಿಯುಸಿ ಮಾರ್ಕ್ಸ್ ಸಾಲದು ಅಂತ ಬೆಂಗಳೂರಿನಲ್ಲಿ ಒಬ್ಬ ಹುಡುಗನಿಗೆ ಬಾಡಿಗೆ ಮನೆ ತಪ್ಪಿಹೋಗಿತ್ತಲ್ಲ, 2023ರಲ್ಲಿ? ಓನರ್‌ಗೆ ಕನಿಷ್ಠ 90 ಪರ್ಸೆಂಟ್ ಬೇಕಿತ್ತಂತೆ. ದೇಶವೆಲ್ಲ ಬಿದ್ದು ಬಿದ್ದು ನಕ್ಕಿತು. ವೈಟ್‌ಫೀಲ್ಡ್ ಕಡೆ ಬಾಡಿಗೆಗಿರುವ ನಾವು ನಗಲಿಲ್ಲ. ಸದ್ಯ, ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕ್ಸ್ ಬೇರೆಯಾಗಿ ಕೇಳಲಿಲ್ಲವಲ್ಲ ಅಂತ ಸಮಾಧಾನ ಪಟ್ಟುಕೊಂಡೆವು.

ಈಗ ಅದೂ ಹಳೇ ಮಾತು. ಈಗಿನ ಓನರ್‌ಗಳು ಲಿಂಕ್ಡ್‌ಇನ್ ನೋಡುತ್ತಾರೆ. ಕಂಪನಿ ಯಾವುದು, ಅಲ್ಲಿ ಎಷ್ಟು ವರ್ಷ, ಮನೆಯವರೂ ಕೆಲಸಕ್ಕೆ ಹೋಗ್ತಾರಾ, ಮಾವ ಏನು ಮಾಡ್ತಾರೆ. ನನಗೆ ಕೆಲಸ ಕೊಟ್ಟ ಕಂಪನಿ ಕೂಡ ನಮ್ಮ ಮಾವನ ಬಗ್ಗೆ ವಿಚಾರಿಸಿರಲಿಲ್ಲ. ತಿಂಗಳಾ ದುಡ್ಡು ಕೊಡುವವರಿಗೇ ಇಲ್ಲದ ಅನುಮಾನ ದುಡ್ಡು ತಗೊಳ್ಳುವವರಿಗೆ.

ಮಾರ್ಕ್ಸ್, ಮಾವ ಎರಡರಲ್ಲೂ ಪಾಸಾದರೂ ನಾನು ಫೇಲಾಗುವ ಸಬ್ಜೆಕ್ಟ್ ಇನ್ನೊಂದಿದೆ. ಕಾರು.

"ಎರಡು ಕಾರ್ ಪಾರ್ಕಿಂಗ್ ಸಾರ್. ಎರಡೂ ಕವರ್ಡ್," ಅಂದ ಬ್ರೋಕರ್.

"ನನ್ನ ಹತ್ರ ಕಾರಿಲ್ಲಪ್ಪ."

ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಗಿರಲಿಲ್ಲ. "ಮತ್ತೆ ಆಫೀಸಿಗೆ?"

"ಮೆಟ್ರೋ."

"ಅಯ್ಯೋ, ಓನರ್‌ಗೆ ಏನಂತ ಹೇಳ್ಲಿ ಸಾರ್? ಕಾರ್ ಬುಕ್ ಮಾಡಿದ್ದೀರಿ, ಡೆಲಿವರಿ ಲೇಟು ಅಂತ ಹೇಳ್ಲಾ?"

ಪಾಪ, ಅವನದೇನು ತಪ್ಪು. ಈ ಕಡೆ ಕಾಲು ಇರೋದೇ ಆಕ್ಸಿಲರೇಟರ್ ಒತ್ತೋದಕ್ಕೆ. ನಮ್ಮ ಗೇಟಿನ ಎದುರಿಗೇ ಒಂದು ತರಕಾರಿ ಅಂಗಡಿ ಇದೆ. ಬಾಲ್ಕನಿಯಲ್ಲಿ ನಿಂತರೆ ಟೊಮ್ಯಾಟೊ ಹಣ್ಣಾಗಿದೆಯೋ ಕಾಯಿಯೋ ಅಂತ ಹೇಳಬಹುದು. ಆದರೆ ಮಧ್ಯೆ ಡಿವೈಡರ್, ಅದರ ಮೇಲೆ ಕಬ್ಬಿಣದ ಬೇಲಿ. ಹೋಗಲೇಬೇಕು ಅಂದರೆ ಕ್ಯಾಬ್ ಹಿಡಿದು, ಯೂ ಟರ್ನ್ ತನಕ ಹೋಗಿ, ಸಿಗ್ನಲ್‌ನಲ್ಲಿ ಕೂತು, ಅದೇ ರಸ್ತೆಯಲ್ಲಿ ವಾಪಸ್ ಬರಬೇಕು. ಒಂದು ಕಟ್ಟು ಕೊತ್ತಂಬರಿಗೆ ಇದೆಲ್ಲ ಯಾಕೆ ಅಂತ ಆ್ಯಪ್‌ನಲ್ಲಿ ತರಿಸುತ್ತೇವೆ. ಹತ್ತು ನಿಮಿಷದಲ್ಲಿ ಮುಟ್ಟಿಸಬೇಕಾದ ಹುಡುಗ ರಾಂಗ್ ಸೈಡಲ್ಲೇ ಬರುತ್ತಾನೆ. ಕೊತ್ತಂಬರಿ ಒಳಗೆ ತಗೊಂಡು, ಬಾಗಿಲು ಹಾಕಿ, "ಈ ಡೆಲಿವರಿಯವರಿಗೆ ಟ್ರಾಫಿಕ್ ಸೆನ್ಸೇ ಇಲ್ಲ" ಅಂತ ಗ್ರೂಪಿನಲ್ಲಿ ಬರೆಯುತ್ತೇವೆ.

ಮೆಟ್ರೋ ಬಂದಿದೆ, ಇಲ್ಲ ಅನ್ನಬಾರದು. 2023ರ ಮಾರ್ಚ್‌ನಲ್ಲಿ ಕಾಡುಗೋಡಿಯಿಂದ ಕೆ.ಆರ್. ಪುರಕ್ಕೆ ರೈಲು ಓಡಿತು. ಅಲ್ಲಿಂದ, ಊರೊಳಗಿನ ಮೆಟ್ರೋ ಸಿಗುವ ಬೈಯಪ್ಪನಹಳ್ಳಿಗೆ ಬರೀ ಎರಡು ಕಿಲೋಮೀಟರ್ ಬಾಕಿ ಇತ್ತು, ಅದನ್ನು ಜೋಡಿಸೋಕೆ ಅಕ್ಟೋಬರ್ ಆಯ್ತು. ಹೋಗಲಿ, ಈಗ ಸರಿಹೋಗಿದೆ. ಮನೆಯಿಂದ ಸ್ಟೇಷನ್‌ಗೆ ನಡೆದು ಹೋಗೋಣ ಅಂದರೆ ಫುಟ್‌ಪಾತ್ ಮೇಲೆ ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ಕೇಬಲ್ ಸುರುಳಿ, ಆಮೇಲೆ ಎತ್ತಿಟ್ಟ ಚಪ್ಪಡಿ, ಅದರ ಪಕ್ಕದಲ್ಲೇ ಆ ಚಪ್ಪಡಿ ಇರಬೇಕಾಗಿದ್ದ ಜಾಗ.

ಕಾರಿಲ್ಲದವರಿಗೂ ಕಾರಿದ್ದವರಿಗೂ ಈ ಭಾಗದಲ್ಲಿ ಸರಿಸಮಾನ ಮರ್ಯಾದೆ ಸಿಕ್ಕಿದ್ದು ಒಂದೇ ವಾಹನದಲ್ಲಿ. 2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಅನ್ನುವ ವಿಲ್ಲಾ ಬಡಾವಣೆ ಮುಳುಗಿದಾಗ ಬಂದ ಟ್ರ್ಯಾಕ್ಟರಿನಲ್ಲಿ. ಅದನ್ನು ಹತ್ತುವಾಗ ಯಾರ ಲಿಂಕ್ಡ್‌ಇನ್ನೂ ಯಾರೂ ಕೇಳಲಿಲ್ಲ.

ಈ ವೈಟ್‌ಫೀಲ್ಡ್ ಹುಟ್ಟಿದ್ದೇ ಮನೆ ಇಲ್ಲದವರಿಗೆ ಜಾಗ ಕೊಡೋದಕ್ಕೆ ಅನ್ನೋದು ಎಷ್ಟು ಜನರಿಗೆ ನೆನಪಿದೆಯೋ. 1882ರಲ್ಲಿ ಡಿ.ಎಸ್. ವೈಟ್ ಅನ್ನುವವರು ಕೇಳಿಕೊಂಡರು, ಮೈಸೂರಿನ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಅಂತ ಸುಮಾರು 3,900 ಎಕರೆ ಕೊಟ್ಟರು. ಬೇಸಾಯ ಮಾಡ್ಕೊಂಡಿರಿ ಅಂತ. ಇನ್ನರ್ ಸರ್ಕಲ್ ಕಡೆ ಹೋದರೆ ಆ ಕಾಲದ ಗುಂಡಗಿನ ರಸ್ತೆ ಈಗಲೂ ಕಾಣುತ್ತೆ. ಮಹಾರಾಜರು ಅಡ್ವಾನ್ಸ್ ಎಷ್ಟು ತಗೊಂಡರು, ಬ್ಯಾಚುಲರ್‌ಗಳನ್ನ ಹೊರಗಿಟ್ಟರಾ, ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆಸಿದರಾ? ನಾನಂತೂ ಎಲ್ಲೂ ಓದಿಲ್ಲ. ವ್ಯವಹಾರ ಗೊತ್ತಿಲ್ಲದ ಅರಸರು.

ಈಗ ನೋಡಿ, ಗೇಟು ಅಂದರೆ ಗೇಟು. 2025ರ ಸೆಪ್ಟೆಂಬರ್‌ನಲ್ಲಿ ಸ್ವತಃ ಮುಖ್ಯಮಂತ್ರಿಗಳು ಪತ್ರ ಬರೆದು, ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕಟ್ಟಿಕೊಂಡಿದೆ, ಸರ್ಜಾಪುರದ ವಿಪ್ರೋ ಕ್ಯಾಂಪಸ್ ಒಳಗಿಂದ ಸ್ವಲ್ಪ ವಾಹನ ಬಿಡಿ ಅಂತ ಕೇಳಿಕೊಂಡರು. ಆಗಲ್ಲ ಅಂತ ಉತ್ತರ ಬಂತು. ಖಾಸಗಿ ಜಾಗ, ಅವರು ಹೇಳಿದ್ದೂ ಸರಿಯೇ. ರಸ್ತೆ ಮಾಡಬೇಕಾದ ಸರ್ಕಾರವೇ ಪಕ್ಕದ ಮನೆಯ ಕಾಂಪೌಂಡಿನಲ್ಲಿ ದಾರಿ ಕೇಳಿದರೆ ಇನ್ನೇನಾಗುತ್ತೆ? ಮುಖ್ಯಮಂತ್ರಿಗೇ ಗೇಟಿನಲ್ಲಿ ಇಲ್ಲ ಅನ್ನುವ ಏರಿಯಾದಲ್ಲಿ, ಊರಿಂದ ಹಲಸಿನಹಣ್ಣು ಹೊತ್ತುಕೊಂಡು ಬಂದ ನಮ್ಮತ್ತೆ ಒಟಿಪಿ ಬರುವ ತನಕ ಸೆಕ್ಯುರಿಟಿ ಹತ್ರ ನಿಂತಿದ್ದರಲ್ಲಿ ಏನು ವಿಶೇಷ.

ದುಡ್ಡಿನ ವಿಷಯಕ್ಕೆ ಬರೋಣ. ಅರವತ್ತು ಸಾವಿರ ಬಾಡಿಗೆ ಅಂದರೆ ಹತ್ತು ತಿಂಗಳ ಅಡ್ವಾನ್ಸ್, ಆರು ಲಕ್ಷ. ಬಡ್ಡಿಯಿಲ್ಲದ ಸಾಲ. ಸಾಲ ಕೊಟ್ಟ ನಾನು ಕೈಕಟ್ಟಿ ನಿಂತಿರುತ್ತೇನೆ, ತಗೊಂಡವರು ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅಂತ ಬರೆಯಿತು. ಬರೀ ಮಾದರಿ, ರಾಜ್ಯಗಳು ಬೇಕಿದ್ದರೆ ಒಪ್ಪಿಕೊಳ್ಳಬಹುದು. ಇನ್ನು ನಮ್ಮದೇ ಕರ್ನಾಟಕ ಬಾಡಿಗೆ ಕಾಯ್ದೆ, 1999ರದ್ದು, ಅದರ ರಕ್ಷಣೆ ಕೇಳೋಣ ಅಂದರೆ ಬೆಂಗಳೂರಿನಂಥ ಕಡೆ ಅದು ತಿಂಗಳಿಗೆ 3,500 ರೂಪಾಯಿ ದಾಟದ ಮನೆಗಳಿಗೆ ಮಾತ್ರ. ವೈಟ್‌ಫೀಲ್ಡ್‌ನಲ್ಲಿ ಆ ದುಡ್ಡಿಗೆ ಎರಡನೇ ಕಾರು ನಿಲ್ಲಿಸಬಹುದು. ಕಾರಿದ್ದರೆ.

ಬಿಡುವಾಗ ಇನ್ನೊಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಕಟ್. ಹಿಂದಿನ ಮನೆ ಬಿಡುವ ದಿನ ಓನರ್ ಕಡೆಯವರೊಬ್ಬರು ಬಂದರು. ಮಧ್ಯಾಹ್ನದ ಬೆಳಕಲ್ಲೇ ಮೊಬೈಲ್ ಟಾರ್ಚ್ ಹಾಕಿ, ಹಾಲ್ ಗೋಡೆಗೆ ಮೂಗು ತಾಗಿಸಿ, ಮೊಳೆ ತೂತುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. "ಇದು ನಿಮ್ದಾ, ನಿಮಗಿಂತ ಮುಂಚೆ ಇದ್ದವರದ್ದಾ?" ಮುಂಚೆ ಇದ್ದವರದ್ದೇ, ಅವರಿಂದಲೂ ಅದಕ್ಕೆ ದುಡ್ಡು ಹಿಡಿದುಕೊಂಡಿದ್ದಿರಲ್ಲ ಅಂದೆ. ನೋಟ್‌ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾನು ಹೇಳಿದ್ದಂತೂ ಅಲ್ಲ.

ಇಲ್ಲಿ ತನಕ ನಗ್ತಾ ಬರೆದೆ. ಒಂದು ಪ್ರಶ್ನೆಗೆ ಮಾತ್ರ ನಗು ಬರಲ್ಲ. "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ವೆಜ್ಜಾ, ನಾನ್‌ವೆಜ್ಜಾ ಅಂತ ಶುರುವಾಗಿ, ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲೋದು ಇಲ್ಲಿಗೇ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಫೋನಿನಲ್ಲಿ ಬಾಡಿಗೆ, ಅಡ್ವಾನ್ಸ್, ತಾರೀಕು ಎಲ್ಲ ಒಪ್ಪಿಗೆಯಾಗಿರುತ್ತೆ. ಹೆಸರು ಹೇಳುತ್ತಾರೆ, ಮುಸ್ಲಿಂ ಹೆಸರು. ಮನೆ "ಈಗಷ್ಟೇ ಹೋಯ್ತು." ಮುಂದಿನ ವಾರವೂ ಅದು ಆ್ಯಪ್‌ನಲ್ಲಿ ಖಾಲಿಯೇ, ಅದೇ ಫೋಟೋ, ಅದೇ ಸೋಫಾ. ಪಿಯುಸಿ ಮಾರ್ಕ್ಸ್ ಅಂದಾಗ ಎಲ್ಲರಿಗೂ ಸುದ್ದಿಯಾಯ್ತು. ದಿನಾ ನಡೆಯೋದನ್ನ ಯಾರು ಸುದ್ದಿ ಮಾಡ್ತಾರೆ? ಕೇಳುವವರು ರೌಡಿಗಳಲ್ಲ. ಕಾಫಿ ಕೊಟ್ಟು, ಸಾರ್ ಅಂತ ಕರೆದು ಕೇಳ್ತಾರೆ. ಸಾಕಾಗಿ ಹೋಗಿದೆ.

ಅಸೋಸಿಯೇಷನ್ ಬಗ್ಗೆ ಹೇಳದಿದ್ದರೆ ಬೇಜಾರು ಮಾಡ್ಕೋತಾರೆ. ಮೀಟಿಂಗ್ ಓನರ್‌ಗಳಿಗೆ, ಓಟು ಓನರ್‌ಗಳಿಗೆ, ಮೇಂಟೆನೆನ್ಸ್ ಕಟ್ಟೋದು ಬಾಡಿಗೆಯವರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ "ಬಾಡಿಗೆಯವರು ನೀರು ಜಾಸ್ತಿ ಬಳಸ್ತಿದ್ದಾರೆ" ಅಂತ ನೋಟಿಸ್ ಅಂಟಿಸಿದರು. ಅದೇ ಮಾರ್ಚ್‌ನಲ್ಲಿ ಸರ್ಕಾರ ಟ್ಯಾಂಕರ್‌ಗೆ ದರ ಕಟ್ಟಿತ್ತು, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್‌ಗೆ 1,000 ರೂಪಾಯಿ. ಟ್ಯಾಂಕರಿನವನಿಗೆ ಫೋನ್ ಮಾಡಿ, ಕಾನೂನು ತಿಳಿದವನ ಗತ್ತಿನಲ್ಲಿ ಆ ರೇಟು ಹೇಳಿದೆ.

"ಸರಿ ಸಾರ್, ಸಾವಿರಕ್ಕೇ ಕೊಡ್ತೀನಿ," ಅಂದ. "ಆದ್ರೆ ನೀರು ಇರೋದು ಆರನೇ ಕಿಲೋಮೀಟರ್‌ನಲ್ಲಿ."