ಸತ್ಯಾಂಶ: ಸ್ಕೂಬಾ ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕವೇ?

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ ತೆಗೆದ ಮುಳುಗುಗಾರರ ಚಿತ್ರದೊಂದಿಗೆ, ‘ಬೆನ್ನಿನ ಸಿಲಿಂಡರಿನಲ್ಲಿ ಶುದ್ಧ ಆಮ್ಲಜನಕವಿರುವುದರಿಂದ ಎಷ್ಟು ಆಳಕ್ಕಿಳಿದರೂ ಅಪಾಯವಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಸಾಮಾನ್ಯ ಸಿಲಿಂಡರಿನಲ್ಲಿ ತುಂಬಿರುವುದು ನಾವು ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ಸುಮಾರು 200 ಬಾರ್ ಒತ್ತಡಕ್ಕೆ ಅದುಮಿರುತ್ತಾರೆ. ಅದರಲ್ಲಿ ಆಮ್ಲಜನಕದ ಪಾಲು ಶೇ. 21 ಮಾತ್ರ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ಬಾರ್ ಹೆಚ್ಚುವುದರಿಂದ, ಶುದ್ಧ ಆಮ್ಲಜನಕವನ್ನು ಸೇವಿಸುತ್ತಾ ಸುಮಾರು 6 ಮೀಟರ್‌ಗಿಂತ ಕೆಳಗೆ ಹೋದವರಿಗೆ ಅದೇ ವಿಷವಾಗಿ ಪರಿಣಮಿಸಿ, ಮುನ್ಸೂಚನೆಯಿಲ್ಲದೆ ಮೂರ್ಛೆರೋಗದಂಥ ಸೆಳೆತ (ಫಿಟ್ಸ್) ಬರಬಹುದು. 1984ರಲ್ಲಿ ಬೊನೇರ್ ಬಳಿ ಮುಳುಗಿದ, ಮುಳುಗುಗಾರರು ನೋಡಲು ಇಳಿಯುವ ಹಿಲ್ಮಾ ಹೂಕರ್ ಹಡಗಿನ ತಳವಿರುವುದು ಸುಮಾರು 30 ಮೀಟರ್ ಆಳದಲ್ಲಿ. ಸಂದೇಶ ಬರೆದವರು ಇದನ್ನು ಯೋಚಿಸಿದಂತಿಲ್ಲ.

ಗೊಂದಲಕ್ಕೆ ಅಲ್ಲಿ ಜನಪ್ರಿಯವಾಗಿರುವ ನೈಟ್ರಾಕ್ಸ್, ಅಂದರೆ ಆಮ್ಲಜನಕದ ಪಾಲನ್ನು ಹೆಚ್ಚಿಸಿದ ಗಾಳಿ, ಕಾರಣವಿರಬಹುದು. ಅದರಲ್ಲಿಯೂ ಆಮ್ಲಜನಕ ಸಾಮಾನ್ಯವಾಗಿ ಶೇ. 32ರಷ್ಟೇ ಇರುತ್ತದೆ, ಮುಳುಗುಗಾರರು ತಾವೇ ಮಾಪಕ ಹಿಡಿದು ಪ್ರಮಾಣ ನೋಡಿ, ಸಿಲಿಂಡರಿನ ಪಟ್ಟಿಯ ಮೇಲೆ ಬರೆದುಕೊಳ್ಳುತ್ತಾರೆ. ನೈಟ್ರಾಕ್ಸ್ ದೇಹದಲ್ಲಿ ಕರಗುವ ಸಾರಜನಕದ ಹೊರೆಯನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚು ಆಳಕ್ಕೆ ಪರವಾನಗಿಯಲ್ಲ. ವಾಸ್ತವವಾಗಿ ಆಳದ ಮಿತಿ ಇನ್ನಷ್ಟು ಬಿಗಿಯಾಗುತ್ತದೆ.

ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಆದ್ದರಿಂದ ಹಲವು ಬಾರಿ ಮುಳುಗಿದವರು ವಿಮಾನವೇರುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು. ದ್ವೀಪದ ದಕ್ಷಿಣದ ಗುಲಾಬಿ ಉಪ್ಪಿನ ಹೊಂಡಗಳನ್ನೂ ಫ್ಲೆಮಿಂಗೊಗಳನ್ನೂ ನೋಡಲು ಆ ಕೊನೆಯ ದಿನವೇ ಸೂಕ್ತ.