ಟೌನ್‌ಶಿಪ್ ಒಳಗೊಂದು ಹಳೇ ಊರು ಬೇಕಾ? ಪರ-ವಿರೋಧ

ಪರ

ಪುಣೆಲಿ, ಹಳೇ ಊರಿನ ಥರ ಎಲ್ಲಾ ಒಳಗೇ ಇರೋ ಟೌನ್‌ಶಿಪ್ ಅಂದ್ರೆ ಮೂಗು ಮುರಿಯೋರೇ ಜಾಸ್ತಿ, ಅದೇನು ಊರಾ, ಸಿನಿಮಾ ಸೆಟ್ಟು ಅಂತಾರೆ. ಸೆಟ್ಟೇ ಅನ್ಕೊಳ್ಳಿ, ಅದ್ರೊಳಗೆ ಹುಡುಗ ಒಬ್ನೇ ಸೈಕಲ್ ತಗೊಂಡು ಹೋಗಿ ಬ್ರೆಡ್ ತರ್ತಾನಲ್ಲ, ಹಡಪ್ಸರ್ ಮೇನ್ ರೋಡಲ್ಲಿ ಕಳಿಸ್ತೀರಾ ಅವನನ್ನ? ಅದೇ ಹಡಪ್ಸರ್‌ನ ಮಗರ್‌ಪಟ್ಟಾ ಟೌನ್‌ಶಿಪ್ ತಗೊಳ್ಳಿ, ಸುಮಾರು 120 ರೈತ ಕುಟುಂಬದೋರು ಬಿಲ್ಡರ್‌ಗೆ ಮಾರ್ಕೊಳ್ದೆ 400 ಎಕರೆ ಹತ್ರ ಜಮೀನು ಒಟ್ಟು ಹಾಕಿ, ತಾವೇ ಕಂಪನಿ ಮಾಡ್ಕೊಂಡು, ಜಮೀನಿಗೆ ತಕ್ಕಂಗೆ ಷೇರು ಹಂಚ್ಕೊಂಡು ಕಟ್ಟಿದ್ದು. ಮನೆ, ಐಟಿ ಆಫೀಸು, ಸ್ಕೂಲು, ಆಸ್ಪತ್ರೆ ಎಲ್ಲ ನಡ್ಕೊಂಡು ಹೋಗೋ ದೂರ, ಹಳೇ ಊರಲ್ಲೂ ಇದೇ ತಾನೇ ಇದ್ದಿದ್ದು.

ಇನ್ನು ಪೇಠ್‌ಗಳು, ಅಂದ್ರೆ ಪುಣೆಯ ಹಳೇ ಪೇಟೆಗಳು, ತಾವಾಗೇ ಬೆಳೆದವು ಅನ್ನೋದು ಅರ್ಧ ಸುಳ್ಳು. ಸದಾಶಿವ ಪೇಠ್, ನಾನಾ ಪೇಠ್ ಎಲ್ಲ ಪೇಶ್ವೆ ಕಾಲದಲ್ಲಿ ಹುಕುಂ ಕೊಟ್ಟು ಎಬ್ಬಿಸಿದ್ದೇ, ಕಾತ್ರಜ್ ಕೆರೆಯಿಂದ ನೆಲದಡಿ ಕಾಲುವೆ ತೆಗೆದು ಬೀದಿ ತೊಟ್ಟಿಗಳಿಗೆ ನೀರು ಬಿಟ್ರು. ಇನ್ನೊಂದು 200 ವರ್ಷ ಕಳೀಲಿ, ಈ ಟೌನ್‌ಶಿಪ್‌ಗಳಲ್ಲೂ ಹೆರಿಟೇಜ್ ವಾಕ್ ಅಂತ ಟಿಕೆಟ್ ಹಾಕ್ತಾರೆ.

ವಿರೋಧ

ಮಗರ್‌ಪಟ್ಟಾ ಮಾತು ಒಪ್ಪಿದೆರಿ, ಆದ್ರ ಅದು ಹಳೇ ಊರಿನ ವೇಷ ಹಾಕಿಲ್ಲ ಅಂತನ ನಡದೈತಿ. ವೇಷ ನೋಡಬೇಕಂದ್ರ ಪುಣೆ ಹತ್ರದ ಲವಾಸಾ ಟೌನ್‌ಶಿಪ್‌ಗ ಹೋಗ್ರಿ. ಮುಳಶಿ ಗುಡ್ಡದಾಗ, ವರಸಗಾಂವ್ ಡ್ಯಾಮಿನ ದಂಡಿಮ್ಯಾಲೆ, ಇಟಲಿಯ ಪೋರ್ಟೊಫಿನೊದಂಗ ಬಣ್ಣಬಣ್ಣದ ಮನಿ ಸಾಲಾಗಿ ನಿಲ್ಲಿಸ್ಯಾರ. ಆ ಪೋರ್ಟೊಫಿನೊದಾಗ ಮೀನ ಹಿಡಿಯೋರಿದ್ರು, ಅದಕ್ಕ ಅದು ಊರಾತು. ಇಲ್ಲಿ ಶನಿವಾರ ಐತವಾರ ಸೆಲ್ಫಿ ಹೊಡಿಯಾಕ ಬರೋರು. 2010ರಾಗ ಪರಿಸರ ಮಂತ್ರಾಲಯ ಕೆಲಸ ನಿಲ್ಲಿಸ್ತು, 2018ರಾಗ ಕಂಪನಿ ದಿವಾಳಿ ಕೋರ್ಟ್ ಮೆಟ್ಟಲ ಹತ್ತಿತು. ಅಮೆರಿಕಾದ ಫ್ಲಾರಿಡಾದಾಗ ಸೀಸೈಡ್ ಅಂತ ಒಂದು ಊರು 1980ರ ದಶಕದಾಗ ಕಟ್ಟಿದ್ರಲ್ಲ, ಜಗಲಿ ಇಟ್ರ ಮಂದಿ ಕುಂತು ಮಾತಾಡ್ತಾರ ಅಂತ ಲೆಕ್ಕ, ಈಗ ಬಾಳ ಮನಿ ರಜಾಕ್ಕ ಬರೋರಿಗೆ ಬಾಡಿಗಿ.

ನಮ್ಮ ಕಡಿ ಟೌನ್‌ಶಿಪ್‌ನಾಗೂ ಅಷ್ಟ. ಗಿಡದ ಸುತ್ತ ಗ್ರಾನೈಟ್ ಕಟ್ಟಿ, ಬಾಜೂಕ ಬೋರ್ಡು, "ರಾತ್ರಿ 9ರ ನಂತರ ಕೂರಬಾರದು". 9ಕ್ಕ ಮುಂಚೆ ಯಾರು ರೀ ಕಟ್ಟಿಗೆ ಬರ್ತಾರ, ಎಲ್ಲಾರೂ ಟ್ರಾಫಿಕ್‌ನಾಗ ಇರ್ತಾರ! ಕೊತ್ತಂಬರಿ ಮಾರೋ ಆಯಿ ಗೇಟ್‌ನಾಗ ನಿಂತಾಳ, ಯಾವ ಫ್ಲಾಟು ಅಂತ ವಾಚ್‌ಮನ್ ಕೇಳ್ತಾನ, ಆಕಿ ಎಲ್ಲಾ ಫ್ಲಾಟು ಅಂತಾಳ, ಆ್ಯಪ್‌ನಾಗ ಹಂಗ ಆಪ್ಷನ್ ಇಲ್ಲ.

ನಕಲು ಮಾಡೋದ ಇದ್ರ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ನವಿ ಮುಂಬೈ ಬೇಲಾಪುರದಾಗ ಮಾಡಿದ ಬಡಾವಣಿ ನೋಡ್ರಿ. ಸಣ್ಣ ಅಂಗಳದ ಸುತ್ತ ಏಳು ಮನಿ, ಒಂದರ ಗ್ವಾಡಿ ಇನ್ನೊಂದಕ್ಕ ತಾಗಂಗಿಲ್ಲ, ರೊಕ್ಕ ಬಂದಂಗ ಬೆಳಿಸ್ಕೋರಿ ಅಂತ. ಮಂದಿ ಬೆಳಿಸಿದ್ರು, ಕೆಲವರು ಪೂರಾ ಕೆಡವಿ ಮಾಳಗಿ ಏರಿಸಿ ಟೈಲ್ಸ್ ಹಚ್ಚಿದ್ರು. ಆರ್ಕಿಟೆಕ್ಟ್ ಮಂದಿ ಅಯ್ಯೋ ಅಂದ್ರ ಅನ್ಲಿ, ನನಗಂತೂ ಅದ ಊರಿನಂಗ ಕಾಣ್ತೈತಿ.